ಬೋರ್ಡ್ ಹಾಕಿ ವರ್ಷವಾಯ್ತು, ಮನೆ ಹೋಗಿಲ್ಲ: ಮಂದ ಮಾರುಕಟ್ಟೆಯಲ್ಲಿ ಮನೆ ಮಾರುವುದು ಹೇಗೆ?

ಕಲಬುರಗಿಯ ಜೇವರ್ಗಿ ರಸ್ತೆ, ಸೇಡಂ ರಸ್ತೆ ಕಡೆಯ ಕಾಲನಿಗಳಲ್ಲಿ ಒಂದು ಸುತ್ತು ಹಾಕಿ. ಗೇಟಿಗೆ ತಂತಿಯಿಂದ ಬಿಗಿದ ‘ಮನೆ ಮಾರಾಟಕ್ಕಿದೆ’ ಬೋರ್ಡುಗಳು ಕಾಣುತ್ತವೆ. ಕೆಲವು ಬಿಸಿಲಿಗೆ ಎಷ್ಟು ಮಾಸಿವೆ ಎಂದರೆ ಫೋನ್ ನಂಬರಿನ ಕೊನೆಯ ಅಂಕಿಗಳನ್ನು ಓದಲೂ ಆಗುವುದಿಲ್ಲ. ಒಳಗೆ ವಯಸ್ಸಾದ ತಂದೆ-ತಾಯಿ ಇರುತ್ತಾರೆ, ಇಲ್ಲವೇ ಬೀಗ ಇರುತ್ತದೆ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ.

ಇವರೆಲ್ಲರ ಪ್ರಶ್ನೆ ಒಂದೇ. ರೇಟು ಬಿದ್ದಿದೆ ಅಂತ ಯಾರೂ ಹೇಳುತ್ತಿಲ್ಲ, ಹಾಗಾದರೆ ನಮ್ಮ ಮನೆ ಯಾಕೆ ಹೋಗುತ್ತಿಲ್ಲ? ಇದರ ಮೇಲೆ ನಿಯಮಗಳೂ ಬದಲಾಗಿವೆ. 2024ರ ಜುಲೈನಲ್ಲಿ ಆಸ್ತಿ ಮಾರಾಟದ ಲಾಭದ ಮೇಲಿನ ತೆರಿಗೆ ಬದಲಾಯಿತು. ಅದೇ ವರ್ಷದ ಅಕ್ಟೋಬರಿನಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಸ್ಥಳೀಯ ಸಂಸ್ಥೆ ಕೊಡುವ ಡಿಜಿಟಲ್ ಆಸ್ತಿ ದಾಖಲೆ, ಬೇಕೇ ಬೇಕು ಎಂದಾಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮನೆ ಮಾರಿ ಅನುಭವ ಇರುವವರು ನಮ್ಮಲ್ಲಿ ಕಡಿಮೆ. ಹೆಚ್ಚಿನವರು ಜೀವನದಲ್ಲಿ ಒಂದು ಸಲ ಮಾರುತ್ತಾರೆ, ಅಷ್ಟೇ. ಹಾಗಾಗಿ ಮೊದಲಿನಿಂದ ನೋಡೋಣ.

ಮಾರುಕಟ್ಟೆ ಮಂದ ಎಂದರೆ ಏನು?

ಗಂಜಿನಲ್ಲಿ, ಅಂದರೆ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ, ತೊಗರಿ ಹೇಗೆ ಮಾರುತ್ತದೆ ನೋಡಿ. ಬೆಳಿಗ್ಗೆ ರಾಶಿ ಹಾಕುತ್ತಾರೆ, ವ್ಯಾಪಾರಿಗಳು ಕೈಯಲ್ಲಿ ಹಿಡಿದು ನೋಡುತ್ತಾರೆ, ಸಂಜೆಯೊಳಗೆ ಕ್ವಿಂಟಲಿಗೆ ಇಷ್ಟು ಅಂತ ರೇಟು ಆಗಿಬಿಡುತ್ತದೆ. ಕೊಳ್ಳುವವರು ಕಡಿಮೆ ಇದ್ದ ದಿನ ರೇಟು ಇಳಿಯುತ್ತದೆ, ಆದರೆ ಮಾಲು ಹೋಗುತ್ತದೆ. ಮನೆ ಹಾಗಲ್ಲ. ಒಂದು ಮನೆಯಂತೆ ಇನ್ನೊಂದಿಲ್ಲ, ದಿನದ ರೇಟು ಅಂತ ಹೇಳುವವರೂ ಇಲ್ಲ. ಕೊಳ್ಳುವವರು ಕಡಿಮೆಯಾದಾಗ ಮಾಲೀಕರು ರೇಟು ಇಳಿಸುವುದಿಲ್ಲ, ‘ಇರಲಿ, ನೋಡೋಣ’ ಅಂತ ಕಾಯುತ್ತಾರೆ. ಆಗ ಬೆಲೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ನಿಜವಾಗಿ ಕಡಿಮೆಯಾಗಿರುವುದು ವ್ಯವಹಾರಗಳ ಸಂಖ್ಯೆ.

ಅದಕ್ಕೇ ಊರಲ್ಲಿ ಎರಡು ರೇಟು ಓಡಾಡುತ್ತಿರುತ್ತವೆ. ಒಂದು ಹೇಳುವ ರೇಟು, ಇನ್ನೊಂದು ಆಗುವ ರೇಟು. ಪಕ್ಕದ ಮನೆಯವರು ‘ಐವತ್ತಕ್ಕಿಂತ ಕಡಿಮೆ ಕೊಡಲ್ಲ’ ಎನ್ನುತ್ತಿದ್ದರೆ ಅದು ಮೊದಲನೆಯದು. ಆ ಮನೆ ಇನ್ನೂ ಅವರ ಹತ್ತಿರವೇ ಇದೆ ಎಂಬುದನ್ನು ಮರೆಯಬಾರದು.

ವೇಗದ ಮಾರುಕಟ್ಟೆಯಲ್ಲಿ ತಿಂಗಳಿಗೆ ಹತ್ತು ಜನ ಬಂದು ನೋಡುತ್ತಾರೆ. ಕಾಗದದಲ್ಲಿ ಸಣ್ಣ ತೊಡಕಿದ್ದರೂ ಒಬ್ಬರಲ್ಲ ಒಬ್ಬರು ‘ಇರಲಿ ಬಿಡಿ’ ಎಂದು ಒಪ್ಪುತ್ತಾರೆ. ಮಂದ ಮಾರುಕಟ್ಟೆಯಲ್ಲಿ ಬರುವವರೇ ಇಬ್ಬರು, ಮೂವರು. ಅವರು ಬಂದ ಮೇಲೆ ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವುದೇ ಮಾರುವವರ ಮುಖ್ಯ ಕೆಲಸ. ರೇಟಿನ ಮಾತು ಆಮೇಲೆ ಬರುತ್ತದೆ.

ಕೊಳ್ಳುವವರು ಯಾರು, ಯಾವಾಗ ಬರುತ್ತಾರೆ?

ನಮ್ಮ ಕಡೆ ಮನೆ ಕೊಳ್ಳುವವರಲ್ಲಿ ದೊಡ್ಡ ಗುಂಪು ಸಂಬಳದವರದು. ಶಿಕ್ಷಕರು, ಸರ್ಕಾರಿ ನೌಕರರು, ಆಸ್ಪತ್ರೆ-ಕಾಲೇಜುಗಳಲ್ಲಿ ಇರುವವರು. ಇವರು ಬ್ಯಾಂಕ್ ಸಾಲ ಇಲ್ಲದೆ ಮನೆ ಕೊಳ್ಳುವುದಿಲ್ಲ. ಇನ್ನೊಂದು ಗುಂಪು ಆಳಂದ, ಅಫಜಲಪುರ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರು ಮತ್ತು ವ್ಯಾಪಾರಿಗಳು. ಮಕ್ಕಳ ಓದಿಗೆ ಕಲಬುರಗಿಯಲ್ಲೊಂದು ಮನೆ ಇರಲಿ ಎಂದು ಬರುವವರು. ಇವರಲ್ಲಿ ಹಲವರು ಕೈಯಲ್ಲಿರುವ ದುಡ್ಡಿನಿಂದಲೇ ಕೊಳ್ಳುತ್ತಾರೆ.

ಎರಡನೆಯ ಗುಂಪಿನ ದುಡ್ಡು ತೊಗರಿಯ ಹಿಂದೆ ಬರುತ್ತದೆ. ಡಿಸೆಂಬರಿನಿಂದ ರಾಶಿ ಶುರು. ಮಾಲು ಗಂಜಿಗೆ ಬಂದು ಕೈಗೆ ಹಣ ಸೇರುವುದು ಜನವರಿಯಿಂದ ಮಾರ್ಚ್. ಶಾಲೆ ಶುರುವಾಗುವುದು ಜೂನಿಗೆ ಸ್ವಲ್ಪ ಮುಂಚೆ. ಹಾಗಾಗಿ ಜನವರಿಯಿಂದ ಮೇವರೆಗಿನ ಕಾಲ ಮನೆ ತೋರಿಸಲು ಒಳ್ಳೆಯದು. ಆಷಾಢದಲ್ಲಿ ಮನೆ ನೋಡುತ್ತಾರೆ, ಆದರೆ ಮಾತು ಮುಗಿಸುವುದಿಲ್ಲ. ಶ್ರಾವಣದಿಂದ ದೀಪಾವಳಿವರೆಗೆ ಮತ್ತೊಂದು ಅವಕಾಶ. ಅತಿಮಳೆಗೆ ತೊಗರಿ ಹಾಳಾದ ವರ್ಷ ಈ ಲೆಕ್ಕ ಕೈಕೊಡುತ್ತದೆ. ಆಗ ಸಂಬಳದವರನ್ನೇ ನಂಬಬೇಕು, ಅಂದರೆ ಬ್ಯಾಂಕನ್ನು ನಂಬಬೇಕು.

ಬ್ಯಾಂಕ್ ಒಪ್ಪದ ಮನೆ

ಮಾರಾಟ ನಿಲ್ಲುವುದು ಇಲ್ಲೇ ಜಾಸ್ತಿ. ಗಿರಾಕಿಗೆ ಮನೆ ಇಷ್ಟವಾಗಿರುತ್ತದೆ, ರೇಟೂ ಕುದುರಿರುತ್ತದೆ. ಕಾಗದಗಳು ಬ್ಯಾಂಕಿನ ವಕೀಲರ ಮೇಜಿಗೆ ಹೋಗುತ್ತವೆ. ಅಲ್ಲಿಂದ ವಾಪಸ್.

ಬ್ಯಾಂಕ್ ಏನು ನೋಡುತ್ತದೆ? ಮೊದಲು ಮಾಲೀಕತ್ವದ ಸರಪಳಿ. ಈ ಜಾಗ ಯಾರಿಂದ ಯಾರಿಗೆ ಬಂತು ಎಂಬುದನ್ನು ಸಾಮಾನ್ಯವಾಗಿ 30 ವರ್ಷ ಹಿಂದಕ್ಕೆ ನೋಡುತ್ತಾರೆ. ನಿಮ್ಮ ಖರೀದಿ ಪತ್ರ ಮಾತ್ರ ಸಾಲದು, ನಿಮಗೆ ಮಾರಿದವರ ಹಳೆಯ ಪತ್ರವೂ ಬೇಕು. ಜೊತೆಗೆ ಋಣಭಾರ ಪ್ರಮಾಣಪತ್ರ, ಎಲ್ಲರೂ ಇಸಿ ಎನ್ನುವುದು. ಆ ಆಸ್ತಿಯ ಮೇಲೆ ನಡೆದ ನೋಂದಾಯಿತ ವ್ಯವಹಾರಗಳ ಪಟ್ಟಿ ಅದು. 2004ರ ಏಪ್ರಿಲ್‌ನಿಂದ ಈಚೆಗಿನದು ನೋಂದಣಿ ಇಲಾಖೆಯ ‘ಕಾವೇರಿ’ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಅರ್ಜಿ ಕೊಡಬೇಕು.

ಇಸಿ ತೆಗೆಸಿ ನೋಡಿದಾಗ ಹಲವರಿಗೆ ಆಶ್ಚರ್ಯ ಕಾದಿರುತ್ತದೆ. ಸಾಲ ತೀರಿಸಿ ಎಷ್ಟೋ ವರ್ಷ ಆಗಿದ್ದರೂ ಅಡಮಾನದ ನಮೂದು ಹಾಗೇ ಇರುತ್ತದೆ. ಸಾಲ ತೀರಿಸಿದರೆ ಆ ನಮೂದು ತಾನಾಗಿ ಅಳಿಯುವುದಿಲ್ಲ, ಬ್ಯಾಂಕಿನಿಂದ ಬಿಡುಗಡೆ ಪತ್ರ ಮಾಡಿಸಿ ನೋಂದಣಿ ಮಾಡಿಸಬೇಕು. ಇನ್ನು ಹೆಸರಿನ ತೊಂದರೆ. ಪತ್ರದಲ್ಲಿ ‘ಶರಣಪ್ಪ’, ಆಧಾರಿನಲ್ಲಿ ‘ಶರಣಬಸಪ್ಪ’, ಪಾಲಿಕೆಯ ದಾಖಲೆಯಲ್ಲಿ ಅಡ್ಡಹೆಸರು ಇಲ್ಲ. ನಮ್ಮ ಊರಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು, ಇಬ್ಬರೂ ಒಬ್ಬರೇ. ಬ್ಯಾಂಕಿನ ವಕೀಲರಿಗೆ ಅದು ಗೊತ್ತಿಲ್ಲ, ಗೊತ್ತಿದ್ದರೂ ಅವರು ಕಾಗದವನ್ನೇ ಕೇಳುತ್ತಾರೆ.

ಆಮೇಲೆ ಜಾಗದ ಸ್ಥಿತಿ. ಹೊಲವಾಗಿದ್ದ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಾಯಿಸಿದ ಆದೇಶ ಇದೆಯೇ, ಅಂದರೆ ‘ಎನ್‌ಎ ಆಗಿದೆಯಾ’ ಎಂಬ ಪ್ರಶ್ನೆ. ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯೇ ಎಂಬುದು ಇನ್ನೊಂದು. ಎರಡೂ ಬೇರೆ ಬೇರೆ. ಎನ್‌ಎ ಆಗಿದ್ದರೂ ಲೇಔಟ್ ಮಂಜೂರಾಗದ ಪ್ಲಾಟುಗಳು ಇರುತ್ತವೆ.

ಈ ವ್ಯತ್ಯಾಸ ಖಾತೆಯಲ್ಲೂ ಕಾಣುತ್ತದೆ. ಪಾಲಿಕೆಯ ವ್ಯಾಪ್ತಿಯಲ್ಲಿ ಮಂಜೂರಾದ ಲೇಔಟಿನ ಆಸ್ತಿಗೆ ಎ-ಖಾತಾ, ಇಲ್ಲದ್ದಕ್ಕೆ ಬಿ-ಖಾತಾ. ಊರ ಅಂಚಿನ ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ನಮೂನೆ 9 ಮತ್ತು 11ಎ ಸಿಗುತ್ತದೆ, ಅನಧಿಕೃತ ಜಾಗವಾದರೆ 11ಬಿ. ಬಿ-ಖಾತಾ ಸಿಕ್ಕಿತು ಎಂದರೆ ಆಸ್ತಿ ಸಕ್ರಮವಾಯಿತು ಅಂತ ಅಲ್ಲ. ತೆರಿಗೆ ಪುಸ್ತಕದಲ್ಲಿ ಅದಕ್ಕೊಂದು ಜಾಗ ಸಿಕ್ಕಿತು, ಅಷ್ಟೇ. ಹಲವು ಬ್ಯಾಂಕುಗಳು ಅದಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಆಗ ನಿಮ್ಮ ಗಿರಾಕಿಗಳಲ್ಲಿ ಸಂಬಳದವರೆಲ್ಲ ಹೊರಗೆ ಉಳಿಯುತ್ತಾರೆ. ಉಳಿದವರು ನಗದು ಇರುವವರು. ಅವರಿಗೆ ನಿಮ್ಮ ಕಷ್ಟ ಚೆನ್ನಾಗಿ ಗೊತ್ತು, ರೇಟು ಅದಕ್ಕೆ ತಕ್ಕಂತೆ ಕೇಳುತ್ತಾರೆ.

ಕೊನೆಯದಾಗಿ ಕಟ್ಟಡದ ಪರವಾನಗಿ. ನೆಲಮಹಡಿಗೆ ಪರವಾನಗಿ ತೆಗೆದು, ಆಮೇಲೆ ಮಗನ ಮದುವೆಗೆ ಮೇಲೊಂದು ಮಹಡಿ ಎಬ್ಬಿಸಿದ ಮನೆಗಳು ಪ್ರತಿ ಓಣಿಯಲ್ಲೂ ಇವೆ. ಬ್ಯಾಂಕಿನ ಮೌಲ್ಯಮಾಪಕರು ಮಂಜೂರಾದ ನಕ್ಷೆಯಲ್ಲಿ ಇದ್ದಷ್ಟಕ್ಕೇ ಬೆಲೆ ಕಟ್ಟಿದರೆ ಮೇಲಿನ ಮಹಡಿ ಲೆಕ್ಕಕ್ಕೇ ಬರುವುದಿಲ್ಲ.

ಸಾಲದ ಮೊತ್ತಕ್ಕೂ ಮಿತಿ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಮೌಲ್ಯದ ಶೇ 90ರವರೆಗೆ, 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ 80ರವರೆಗೆ ಕೊಡಬಹುದು. 45 ಲಕ್ಷದ ಮನೆಗೆ ಹೆಚ್ಚೆಂದರೆ 36 ಲಕ್ಷ ಸಾಲ. ಉಳಿದ 9 ಲಕ್ಷ ಗಿರಾಕಿಯ ಜೇಬಿನಿಂದ ಬರಬೇಕು. ನೋಂದಣಿ ಖರ್ಚು ಬೇರೆ. ಮೌಲ್ಯಮಾಪಕರು 45ರ ಮನೆಗೆ 40 ಅಂತ ಬರೆದರೆ ಸಾಲ 32ಕ್ಕೆ ಇಳಿಯುತ್ತದೆ. ಒಪ್ಪಿಕೊಂಡ ಗಿರಾಕಿ ಕೊನೆ ಗಳಿಗೆಯಲ್ಲಿ ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎನ್ನುವುದರ ಹಿಂದೆ ಬಹಳ ಸಲ ಇದೇ ಲೆಕ್ಕ ಇರುತ್ತದೆ.

ಹಾಗಾಗಿ ಬೋರ್ಡ್ ಹಾಕುವ ಮೊದಲೇ ಒಬ್ಬ ವಕೀಲರ ಹತ್ತಿರ ಇಡೀ ಫೈಲ್ ತೋರಿಸುವುದು ಒಳ್ಳೆಯದು. ಗಿರಾಕಿ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಅಷ್ಟರಲ್ಲಿ ಅವರು ಬೇರೆ ಮನೆ ನೋಡಿರುತ್ತಾರೆ.

ಸಹಿ ಯಾರ್ಯಾರದು?

ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ, ತಂದೆಯೂ ಇದ್ದಾರೆ. ಆಗ ಅವರೊಬ್ಬರೇ ಮಾರಬಹುದು. ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಹಿಂದೂ ಕುಟುಂಬದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆಯ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಮುಸ್ಲಿಂ ಕುಟುಂಬದಲ್ಲಿ ಪಾಲಿನ ಲೆಕ್ಕ ಬೇರೆ, ಮಗಳ ಪಾಲು ಮಗನ ಪಾಲಿನ ಅರ್ಧ. ಆದರೆ ಸಹಿಯ ಮಾತು ಬಂದಾಗ ವ್ಯತ್ಯಾಸವಿಲ್ಲ. ಪಾಲು ಇರುವ ಎಲ್ಲರೂ ಬರಬೇಕು.

‘ಅಕ್ಕ ಏನೂ ಕೇಳೋದಿಲ್ಲ ಬಿಡ್ರಿ’ ಎಂಬ ಮಾತಿನ ಮೇಲೆ ಯಾವ ಗಿರಾಕಿಯೂ 40 ಲಕ್ಷ ಹಾಕುವುದಿಲ್ಲ. ಅಕ್ಕನಿಗೆ ಪಾಲು ಬೇಡವಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು, ಇಲ್ಲವೇ ಖರೀದಿ ಪತ್ರದಲ್ಲೇ ಅವರ ಸಹಿ ಬೇಕು. ವಂಶಾವಳಿಯನ್ನು ಮೊದಲೇ ಮಾಡಿಸಿಟ್ಟರೆ ಯಾರ್ಯಾರು ಬರಬೇಕು ಎಂಬ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ.

ತಮ್ಮ ಅಮೆರಿಕದಲ್ಲಿದ್ದರೆ ಮುಖ್ತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸಬಹುದು. ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇನ್ನೊಂದು ಮಾತು. ಹಿಂದೆ ನಿಮಗೇ ಈ ಆಸ್ತಿ ಬರೀ ಮುಖ್ತ್ಯಾರ ಪತ್ರದ ಮೇಲೆ ಬಂದಿದ್ದರೆ ಅದು ಮಾಲೀಕತ್ವ ಅಲ್ಲ. 2011ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮೂಲ ಮಾಲೀಕರಿಂದ ಖರೀದಿ ಪತ್ರ ಮಾಡಿಸಿಕೊಳ್ಳದೆ ಮುಂದೆ ಹೋಗಲಾಗದು.

ರೇಟು ಎಷ್ಟು ಇಡಬೇಕು?

ಮಾಲೀಕರು ಸಾಮಾನ್ಯವಾಗಿ ತಮಗೆ ಬೇಕಾದ ಹಣದಿಂದ ಶುರು ಮಾಡುತ್ತಾರೆ. ಮಗಳ ಮದುವೆಗೆ ಇಷ್ಟು, ಬೆಂಗಳೂರಿನ ಫ್ಲಾಟಿಗೆ ಇಷ್ಟು, ಆದ್ದರಿಂದ ಮನೆಗೆ 50. ಮೌಲ್ಯಮಾಪಕರು ಹಾಗೆ ಲೆಕ್ಕ ಹಾಕುವುದಿಲ್ಲ. ಜಾಗವನ್ನೂ ಕಟ್ಟಡವನ್ನೂ ಬೇರೆ ಮಾಡುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ, ಅಂಕಿಗಳು ಬರೀ ಲೆಕ್ಕಕ್ಕಾಗಿ. 30×40ರ ಪ್ಲಾಟ್, ಅಂದರೆ 1,200 ಚದರಡಿ. ಚದರಡಿಗೆ 2,200 ರೂಪಾಯಿ ಎಂದರೆ ಜಾಗಕ್ಕೆ 26.4 ಲಕ್ಷ. ಅದರ ಮೇಲೆ 1,000 ಚದರಡಿಯ, 20 ವರ್ಷ ಹಳೆಯ ಮನೆ. ಇವತ್ತು ಅಂಥದ್ದೇ ಹೊಸದಾಗಿ ಕಟ್ಟಲು 20 ಲಕ್ಷ ಬೇಕು ಎಂದುಕೊಳ್ಳಿ. ಕಟ್ಟಡದ ಆಯಸ್ಸು 60 ವರ್ಷ ಎಂದು ಹಿಡಿದರೆ ಮೂರರಲ್ಲಿ ಒಂದು ಭಾಗ ಸವೆದಿದೆ. ಉಳಿದದ್ದು 13.3 ಲಕ್ಷ. ಒಟ್ಟು ಸುಮಾರು 40 ಲಕ್ಷ.

ಇದರಲ್ಲಿ ಒಂದು ಕಹಿ ಸತ್ಯ ಇದೆ. ಜಾಗದ ಬೆಲೆ ಏರಬಹುದು, ಕಟ್ಟಡದ ಬೆಲೆ ಪ್ರತಿ ವರ್ಷ ಇಳಿಯುತ್ತಲೇ ಇರುತ್ತದೆ. ಮೂರು ವರ್ಷದ ಹಿಂದೆ ಆರು ಲಕ್ಷ ಸುರಿದು ಮಾಡಿಸಿದ ಪಿಒಪಿ ಸೀಲಿಂಗು, ಮಾಡ್ಯುಲರ್ ಕಿಚನ್ನು ನಿಮ್ಮ ಆಸೆಯ ಖರ್ಚು. ಗಿರಾಕಿ ಅದನ್ನು ನೋಡಿ ಖುಷಿಪಡುತ್ತಾರೆ, ಆರು ಲಕ್ಷ ಕೊಡುವುದಿಲ್ಲ.

ಈಗ ಕಾಯುವ ಲೆಕ್ಕ. ಇವತ್ತು ಒಬ್ಬರು 40 ಲಕ್ಷಕ್ಕೆ ಕೇಳಿದರು, ನಿಮಗೆ 45 ಬೇಕು. ಎರಡು ವರ್ಷ ಕಾದಿರಿ, 45 ಬಂತು. ಗೆದ್ದಂತೆ ಕಾಣುತ್ತದೆ, ಅಲ್ವಾ? ಆ 40 ಲಕ್ಷವನ್ನು ಶೇ 6.5ರ ಬಡ್ಡಿಗೆ ಠೇವಣಿ ಇಟ್ಟಿದ್ದರೆ ಎರಡು ವರ್ಷಕ್ಕೆ ಸುಮಾರು 45 ಲಕ್ಷದ 37 ಸಾವಿರ ಆಗುತ್ತಿತ್ತು. ಬಡ್ಡಿಯ ಮೇಲೆ ತೆರಿಗೆ ಇದೆ, ನಿಜ. ಆದರೆ ಖಾಲಿ ಮನೆಗೂ ಖರ್ಚಿದೆ. ಆಸ್ತಿ ತೆರಿಗೆ, ಕಾವಲು, ಕೆಟ್ಟ ಮೋಟಾರು, ಮಳೆಗಾಲದಲ್ಲಿ ಸೋರುವ ಮೇಲ್ಛಾವಣಿ. ಬಾಡಿಗೆಗೆ ಕೊಟ್ಟು ತಿಂಗಳಿಗೆ 11 ಸಾವಿರ ಬಂದರೂ ವರ್ಷಕ್ಕೆ 1.32 ಲಕ್ಷ, 40 ಲಕ್ಷಕ್ಕೆ ಶೇ 3.3. ಮತ್ತೆ ಬಾಡಿಗೆದಾರರಿರುವ ಮನೆ ತೋರಿಸುವುದು ಸುಲಭವಲ್ಲ.

ಎಲ್ಲರೂ ಕಡಿಮೆಗೆ ಕೊಟ್ಟುಬಿಡಿ ಎಂದು ಇದರ ಅರ್ಥವಲ್ಲ. ನೀವು ಅದೇ ಮನೆಯಲ್ಲಿ ವಾಸವಿದ್ದು, ಹಣಕ್ಕೆ ಅವಸರ ಇಲ್ಲದಿದ್ದರೆ ಕಾಯುವುದಕ್ಕೆ ಖರ್ಚು ಕಡಿಮೆ. ಇದೇ ಊರಲ್ಲಿ ಇನ್ನೊಂದು ಮನೆ ಕೊಳ್ಳಲು ಇದನ್ನು ಮಾರುತ್ತಿದ್ದರೆ, ಮಾರುವಾಗ ಬಿಟ್ಟುಕೊಟ್ಟದ್ದರಲ್ಲಿ ಸ್ವಲ್ಪವಾದರೂ ಕೊಳ್ಳುವಾಗ ವಾಪಸ್ ಬರುತ್ತದೆ. ಬೀಗ ಹಾಕಿದ ಮನೆ, ಮೇಲೆ ಹೊಸ ಮನೆಯ ಸಾಲದ ಕಂತು, ಇವೆರಡೂ ಸೇರಿದರೆ ಮಾತ್ರ ಕಾಯುವುದು ದುಬಾರಿ.

ಹೆಚ್ಚು ರೇಟು ಹೇಳಿ ನಿಧಾನಕ್ಕೆ ಇಳಿಸೋಣ ಎಂಬ ಯೋಚನೆಗೂ ಒಂದು ಅಪಾಯ ಇದೆ. ಬೋರ್ಡ್ ಹಾಕಿ ಎಂಟು ತಿಂಗಳಾದರೆ ಓಣಿಯಲ್ಲಿ ‘ಆ ಮನಿಗಿ ಏನೋ ಅದ’ ಎಂಬ ಮಾತು ಶುರುವಾಗುತ್ತದೆ. ವಾಸ್ತು ಸರಿಯಿಲ್ಲ ಎನ್ನುತ್ತಾರೆ, ಕೇಸ್ ಇದೆ ಎನ್ನುತ್ತಾರೆ. ಆಮೇಲೆ ರೇಟು ಇಳಿಸಿದರೆ ಆ ಮಾತು ಗಟ್ಟಿಯಾಗುತ್ತದೆ. ಐದು ಜನ ಏಜೆಂಟರಿಗೆ ಹೇಳಿದಾಗಲೂ ಹೀಗೇ. ಒಂದೇ ಮನೆ ಒಂದು ವಾಟ್ಸ್ಆಪ್ ಗ್ರೂಪಿನಲ್ಲಿ 42, ಇನ್ನೊಂದರಲ್ಲಿ 48. ನೋಡಿದವರು 42ರಿಂದ ಕೆಳಗೆ ಮಾತು ಶುರು ಮಾಡುತ್ತಾರೆ. ಒಬ್ಬರೋ ಇಬ್ಬರೋ ಏಜೆಂಟರು, ಎಲ್ಲರಿಗೂ ಒಂದೇ ಅಂಕಿ, ದಲಾಲಿ ಎಷ್ಟು ಎಂಬುದು ಮೊದಲೇ ಬಾಯಿಬಿಟ್ಟು ಹೇಳಿರಬೇಕು.

ಮಾರ್ಗಸೂಚಿ ಬೆಲೆಗಿಂತ ಕಡಿಮೆಗೆ ಮಾರಿದರೆ?

ಪ್ರತಿ ಬಡಾವಣೆಗೂ ಸರ್ಕಾರ ಒಂದು ಕನಿಷ್ಠ ಬೆಲೆ ನಿಗದಿ ಮಾಡಿರುತ್ತದೆ. ಅದೇ ಮಾರ್ಗಸೂಚಿ ಬೆಲೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಇದನ್ನು ಏರಿಸಿದರು. ನೋಂದಣಿ ಖರ್ಚು ಈ ಬೆಲೆ ಅಥವಾ ಪತ್ರದ ಬೆಲೆ, ಯಾವುದು ಜಾಸ್ತಿಯೋ ಅದರ ಮೇಲೆ. ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಸೆಸ್ ಶೇ 10 ಮತ್ತು ನಗರದಲ್ಲಿ ಸರ್‌ಚಾರ್ಜ್ ಶೇ 2, ಬೆಲೆಯ ಮೇಲೆ ನೋಂದಣಿ ಶುಲ್ಕ ಶೇ 2. ಒಟ್ಟು ಶೇ 7.6. 40 ಲಕ್ಷದ ಮನೆಗೆ 3,04,000 ರೂಪಾಯಿ. ಇದನ್ನು ಕೊಡುವವರು ಕೊಳ್ಳುವವರು. ಆದರೆ ಅದು ಅವರ ಬಜೆಟ್ಟಿನಿಂದ, ಅಂದರೆ ನಿಮಗೆ ಸಿಗುವ ರೇಟಿನಿಂದಲೇ ಹೋಗುತ್ತದೆ.

ಮಂದ ಮಾರುಕಟ್ಟೆಯ ವಿಶೇಷ ತೊಂದರೆ ಏನೆಂದರೆ, ಕೆಲವು ಕಡೆ ಆಗುವ ರೇಟು ಮಾರ್ಗಸೂಚಿ ಬೆಲೆಗಿಂತ ಕೆಳಗೆ ಹೋಗಬಹುದು. ಆದಾಯ ತೆರಿಗೆ ಕಾನೂನು ಶೇ 10ರವರೆಗಿನ ವ್ಯತ್ಯಾಸವನ್ನು ಬಿಡುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಇಬ್ಬರಿಗೂ ಪೆಟ್ಟು. ಮಾರ್ಗಸೂಚಿ ಬೆಲೆ 44 ಲಕ್ಷ, ನೀವು ಮಾರಿದ್ದು 38ಕ್ಕೆ ಎಂದುಕೊಳ್ಳಿ. 38ಕ್ಕೆ ಶೇ 10 ಸೇರಿಸಿದರೆ 41.8, ಅದು 44ನ್ನು ಮುಟ್ಟುವುದಿಲ್ಲ. ಹಾಗಾಗಿ ನಿಮಗೆ 44 ಬಂದಿದೆ ಎಂದೇ ಲಾಭದ ಲೆಕ್ಕ ಹಾಕುತ್ತಾರೆ. ಕೊಂಡವರಿಗೆ ಉಳಿದ 6 ಲಕ್ಷವನ್ನು ಅವರ ಆದಾಯ ಎಂದು ಹಿಡಿಯುತ್ತಾರೆ. ನಿಜವಾಗಿಯೂ ಬೆಲೆ ಅಷ್ಟೇ ಇತ್ತು ಎಂದಾದರೆ, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಿ ಎಂದು ಕೇಳುವ ಅವಕಾಶ ಮಾರುವವರಿಗೆ ಇದೆ. ರೇಟು ಒಪ್ಪುವ ಮುಂಚೆ ಕಾವೇರಿಯಲ್ಲಿ ನಿಮ್ಮ ಬಡಾವಣೆಯ ಬೆಲೆ ನೋಡಿಕೊಂಡರೆ ಈ ತಲೆನೋವು ಬರುವುದಿಲ್ಲ.

ಮನೆ ತೋರಿಸುವಾಗ

ಕಲಬುರಗಿಯ ನೆಲ ಹೆಚ್ಚಾಗಿ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಪಾಯ ಆಳ ಇಲ್ಲದ ಮನೆಯಲ್ಲಿ ಇದು ಗೋಡೆಯ ಮೇಲೆ ಕಾಣುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು. ಇಲ್ಲಿಯ ಗಿರಾಕಿಗಳಿಗೆ ಇದು ಚೆನ್ನಾಗಿ ಗೊತ್ತು, ಒಳಗೆ ಬಂದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಒಂದು ಮಳೆಗಾಲದಲ್ಲಿ ಮತ್ತೆ ತೋರುತ್ತದೆ, ಹೊಸ ಬಣ್ಣದ ಪಟ್ಟಿ ಅನುಮಾನವನ್ನೂ ಹುಟ್ಟಿಸುತ್ತದೆ. ಎಂಜಿನಿಯರುಗಳು ಬಿರುಕಿನ ಮೇಲೆ ಅಡ್ಡಲಾಗಿ ಒಂದು ಪ್ಲಾಸ್ಟರ್ ಪಟ್ಟಿ ಹಾಕಿ ದಿನಾಂಕ ಬರೆದಿಡುತ್ತಾರೆ. ಕೆಲವು ತಿಂಗಳಾದರೂ ಪಟ್ಟಿ ಒಡೆಯದಿದ್ದರೆ ಬಿರುಕು ಬೆಳೆಯುತ್ತಿಲ್ಲ ಎಂದರ್ಥ. ಬೇಸಿಗೆಯಲ್ಲಿ ಹಾಕಿದ್ದು ಮಳೆಗಾಲವನ್ನೂ ದಾಟಿ ಹಾಗೇ ಇದ್ದರೆ ಇನ್ನೂ ಒಳ್ಳೆಯ ಸಾಕ್ಷಿ. ಅದನ್ನು ಹಾಗೇ ತೋರಿಸಬಹುದು.

ಎರಡನೆಯ ಪ್ರಶ್ನೆ ನೀರು. ಬೋರಿನ ಮೋಟಾರು ಹಾಕಿ ಐದು ನಿಮಿಷ ನೀರು ಬಿಟ್ಟು ತೋರಿಸಿ. ಪಾಲಿಕೆಯ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಇದ್ದ ಹಾಗೆ ಹೇಳಿ. ಹೇಗಿದ್ದರೂ ಪಕ್ಕದ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ.

ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಎರಡಕ್ಕೆ ಯಾರಿಗೂ ಮನೆ ತೋರಿಸಬೇಡಿ. ಮೇಲಿನ ಕೋಣೆ ಕಾದ ಹೆಂಚಾಗಿರುತ್ತದೆ. ಬೆಳಿಗ್ಗೆ ಕರೆಯಿರಿ. ನೆಲಕ್ಕೆ ಶಹಾಬಾದ್ ಕಲ್ಲು ಇದ್ದರೆ ಹಳೇದಾಯಿತು ಎಂದು ಒಡೆಸಿ ಟೈಲ್ಸ್ ಹಾಕಿಸುವ ಅಗತ್ಯ ಇಲ್ಲ. ಪಾಲಿಶ್ ಮಾಡಿಸಿದರೆ ಸಾಕು, ಬಿಸಿಲಿನ ಊರಲ್ಲಿ ಕಾಲಿಗೆ ತಂಪಾಗಿರುವ ಕಲ್ಲು ಅದು.

ಬಯಾನಾ (ಮುಂಗಡ) ತೆಗೆದುಕೊಳ್ಳುವಾಗ

‘ಫೈನಲ್ ಎಷ್ಟಕ್ ಕೊಡ್ತೀರಿ ಹೇಳ್ರಿ’ ಎಂಬಲ್ಲಿಂದ ಮಾತು ಮುಗಿದು ಮುಂಗಡ ಬಂತು ಎಂದುಕೊಳ್ಳೋಣ. ಸ್ಟಾಂಪ್ ಕಾಗದದಲ್ಲಿ ಮಾರಾಟದ ಕರಾರು ಬರೆಯಿಸಿ. ಅದರಲ್ಲಿ ಮುಖ್ಯವಾದದ್ದು ಗಡುವು. ಎಷ್ಟು ದಿನದಲ್ಲಿ ಉಳಿದ ಹಣ, ಸಾಲ ಸಿಗದಿದ್ದರೆ ಏನು, ಗಿರಾಕಿ ಹಿಂದೆ ಸರಿದರೆ ಮುಂಗಡದಲ್ಲಿ ಎಷ್ಟು ವಾಪಸ್. ಕರಾರು ಜಾರಿಗೆ ಬರಲಿ ಎಂದು ಗಿರಾಕಿ ಕೋರ್ಟಿಗೆ ಹೋಗಲು ಗಡುವಿನ ದಿನದಿಂದ ಮೂರು ವರ್ಷ ಕಾಲಾವಕಾಶ ಇದೆ. ಗಡುವೇ ಇಲ್ಲದ ಚೀಟಿಗೆ 50 ಸಾವಿರ ತೆಗೆದುಕೊಂಡು ಸುಮ್ನೆ ಕೂತರೆ ಬೇರೆಯವರಿಗೆ ಮಾರಲೂ ಆಗದೆ ಸಿಕ್ಕಿಹಾಕಿಕೊಳ್ಳುತ್ತೀರಿ.

ನಗದಿನ ವಿಷಯ ಸ್ಪಷ್ಟ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಮುಂಗಡಕ್ಕೂ ಇದು ಅನ್ವಯ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರಿಗೆ. ಪತ್ರದಲ್ಲಿ ಕಡಿಮೆ ಬರೆದು ಉಳಿದದ್ದು ಕೈಯಲ್ಲಿ ಕೊಡುವ ಹಳೆಯ ರೂಢಿಗೆ ಇನ್ನೊಂದು ಅಡ್ಡಿಯೂ ಇದೆ. ಬ್ಯಾಂಕ್ ಸಾಲ ಕೊಡುವುದು ಪತ್ರದ ಬೆಲೆ ನೋಡಿಯೇ. ಮಾರಾಟ ಬೆಲೆ ಅಥವಾ ಮಾರ್ಗಸೂಚಿ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಹಿಡಿದು ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ಟಿಡಿಎಸ್ ಇದಕ್ಕಿಂತ ಬಹಳ ಜಾಸ್ತಿ, ಅದಕ್ಕೆ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

ಲಾಭದ ಮೇಲಿನ ತೆರಿಗೆ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆ ಮಾರಿದರೆ ಬರುವುದು ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಇದರ ತೆರಿಗೆ ಶೇ 12.5, ಹಣದುಬ್ಬರದ ರಿಯಾಯಿತಿ ಇಲ್ಲ. ಆದರೆ ಅದಕ್ಕೂ ಮೊದಲು ಕೊಂಡ ಮನೆಯಾಗಿದ್ದು, ಮಾರುವವರು ಇಲ್ಲಿನ ನಿವಾಸಿ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬವಾಗಿದ್ದರೆ ಹಳೆಯ ಲೆಕ್ಕವನ್ನೂ ಹಾಕಿ ನೋಡಬಹುದು. ಅದರಲ್ಲಿ ಶೇ 20 ತೆರಿಗೆ, ಆದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತಾರೆ. ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು.

2009-10ರಲ್ಲಿ 12 ಲಕ್ಷಕ್ಕೆ ಕೊಂಡ ಮನೆ 2025-26ರಲ್ಲಿ 42 ಲಕ್ಷಕ್ಕೆ ಹೋಯಿತು ಎಂದುಕೊಳ್ಳಿ. ಹೊಸ ಲೆಕ್ಕದಲ್ಲಿ ಲಾಭ 30 ಲಕ್ಷ, ತೆರಿಗೆ 3.75 ಲಕ್ಷ. ಹಳೆಯ ಲೆಕ್ಕದಲ್ಲಿ ಕೊಂಡ ವರ್ಷದ ಹಣದುಬ್ಬರ ಸೂಚ್ಯಂಕ 148, ಮಾರಿದ ವರ್ಷದ್ದು 376. 12 ಲಕ್ಷ ಏರಿ ಸುಮಾರು 30.49 ಲಕ್ಷ ಆಗುತ್ತದೆ. ಲಾಭ 11.51 ಲಕ್ಷ, ತೆರಿಗೆ ಸುಮಾರು 2.30 ಲಕ್ಷ. ಎರಡರ ಮೇಲೂ ಶೇ 4 ಸೆಸ್ ಇದೆ. ಬೆಲೆ ನಿಧಾನವಾಗಿ ಏರಿದ ಊರುಗಳಲ್ಲಿ ಹೀಗೆ ಹಳೆಯ ಲೆಕ್ಕವೇ ಅಗ್ಗವಾಗುವ ಸಾಧ್ಯತೆ ಹೆಚ್ಚು. ತಂದೆಯಿಂದ ಬಂದ ಮನೆಯಾದರೆ ತಂದೆ ಕೊಂಡ ಬೆಲೆಯೇ ನಿಮ್ಮ ಬೆಲೆ. 2001ಕ್ಕೂ ಹಿಂದಿನ ಮನೆಯಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಆಧಾರವಾಗಿ ಹಿಡಿಯಬಹುದು.

ತೆರಿಗೆ ಉಳಿಸಲು ಮಾರಿದ ಇಡೀ ಹಣವನ್ನು ಹೊಸ ಮನೆಗೆ ಹಾಕಬೇಕು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮನೆ ಮಾರಿ ಮನೆ ಕೊಳ್ಳುವವರು ಲಾಭದಷ್ಟು ಹಾಕಿದರೆ ಸಾಕು. ಮಾರುವುದಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟುವುದಾದರೆ ಮೂರು ವರ್ಷದೊಳಗೆ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಹಣ ಬಳಕೆಯಾಗದಿದ್ದರೆ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಮನೆ ಬೇಡ ಎನ್ನುವವರಿಗೆ ಆರು ತಿಂಗಳೊಳಗೆ ನಿಗದಿತ ಸರ್ಕಾರಿ ಸಂಸ್ಥೆಗಳ ಬಾಂಡ್ ಇದೆ. ಮಿತಿ 50 ಲಕ್ಷ, ಐದು ವರ್ಷ ತೆಗೆಯುವಂತಿಲ್ಲ.

ನೋಂದಣಿ ಆದ ಮೇಲೆ

ನೋಂದಣಿಯ ದಿನದ ಕೆಲಸ ಈಗ ಬೇಗ ಮುಗಿಯುತ್ತದೆ. ಕಾವೇರಿ 2.0ದಲ್ಲಿ ಪತ್ರದ ಕರಡು ಮೊದಲೇ ಹೋಗಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡಿದ್ದರೆ ಫೋಟೊ, ಹೆಬ್ಬೆಟ್ಟು, ಸಹಿ ಅಷ್ಟೇ ಬಾಕಿ. ಉಳಿದ ಹಣ ಖಾತೆಗೆ ಬಂದದ್ದನ್ನು ಅಥವಾ ಬ್ಯಾಂಕಿನ ಡಿಡಿಯನ್ನು ನೋಡಿಯೇ ಸಹಿ ಮಾಡಿ. ಮನೆಯ ಮೇಲೆ ನಿಮ್ಮದೇ ಹಳೆಯ ಸಾಲ ಇನ್ನೂ ಇದ್ದರೆ ಗಿರಾಕಿಯ ಬ್ಯಾಂಕ್ ಅದನ್ನು ನೇರವಾಗಿ ತೀರಿಸುವ ವ್ಯವಸ್ಥೆ ಸಾಮಾನ್ಯ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ.

ಖರೀದಿ ಪತ್ರದ ಒಂದು ಪ್ರತಿ, ಮನೆಗೆ ಮಾಡಿದ ಖರ್ಚಿನ ಹಳೆಯ ರಸೀದಿಗಳು, ದಲಾಲಿ ಕೊಟ್ಟ ದಾಖಲೆ ನಿಮ್ಮ ಹತ್ತಿರವೇ ಇರಲಿ. ತೆರಿಗೆ ರಿಟರ್ನಿಗೆ ಬೇಕಾಗುತ್ತವೆ. ಪಾಲಿಕೆಯಲ್ಲಿ ಮುಟೇಷನ್ ಆಗಿ ಖಾತೆ ಹೊಸಬರ ಹೆಸರಿಗೆ ಹೋಯಿತೇ ನೋಡಿ. ಹಾಗೆಯೇ ಜೆಸ್ಕಾಂ ಮೀಟರು. ಆರ್‌ಆರ್ ನಂಬರ್ ನಿಮ್ಮ ಹೆಸರಿನಲ್ಲೇ ಉಳಿದರೆ ಬಾಕಿಯ ನೋಟಿಸೂ ನಿಮ್ಮ ಹೆಸರಿಗೇ ಬರುತ್ತದೆ. ಗೃಹಜ್ಯೋತಿಗೆ ಆ ಮೀಟರಿನ ಜೊತೆ ನಿಮ್ಮ ಆಧಾರ್ ಜೋಡಿಸಿದ್ದರೆ ಸೇವಾಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಿಸಿಕೊಳ್ಳಿ. ಹೊಸ ವಿಳಾಸದಲ್ಲಿ ಮತ್ತೆ ಅರ್ಜಿ ಹಾಕಲು ಅದು ಬೇಕು.